ಒಂಬತ್ತಕ್ಕೇ ನಿಲ್ಲಿಸಬೇಡಿ: ಅಗಸ್ಟೀನನ ‘ಕನ್ಫೆಶನ್ಸ್’ ಓದುವ ಬಗೆ

(ಉಪನ್ಯಾಸದ ಬರಹ ರೂಪ)

ನಾಲ್ಕನೇ ಶತಮಾನದ ಕ್ರೈಸ್ತ ಚಿಂತಕ ಅಗಸ್ಟೀನನ ‘ಕನ್ಫೆಶನ್ಸ್’ (ನಿವೇದನೆಗಳು) ಓದಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಮೊದಲ ಪುಟದಲ್ಲಿ ಒಮ್ಮೆ, ಒಂಬತ್ತನೇ ಪುಸ್ತಕ, ಅಂದರೆ ಒಂಬತ್ತನೇ ಭಾಗ, ಮುಗಿದಾಗ ಇನ್ನೊಮ್ಮೆ. ಆತ್ಮಕಥೆ ಅಂದುಕೊಂಡು ತೆರೆದರೆ ಹುಟ್ಟಿದ ಊರಿಲ್ಲ, ತಂದೆತಾಯಿಯ ಹೆಸರಿಲ್ಲ, ಇಸವಿಯಂತೂ ಇಲ್ಲವೇ ಇಲ್ಲ. ದೇವರನ್ನು ‘ನೀನು’ ಎಂದು ಕರೆದು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವ ದನಿಯೊಂದು ಮಾತ್ರ ಕೇಳಿಸುತ್ತದೆ. ನಿನ್ನನ್ನು ಕರೆಯುವುದು ಮೊದಲೋ, ಅರಿಯುವುದು ಮೊದಲೋ? ಆಕಾಶ ಭೂಮಿಗಳನ್ನು ತುಂಬಿಯೂ ಮಿಕ್ಕ ನಿನ್ನನ್ನು ಎಲ್ಲಿ ಸುರಿಯುತ್ತೀ? ಹೀಗೆ ಐದು ಅಧ್ಯಾಯ. ಅಷ್ಟನ್ನು ದಾಟಿದವರಿಗೆ ಕಥೆ ಸಿಗುತ್ತದೆ, ಓದು ಸರಾಗವಾಗುತ್ತದೆ. ಒಂಬತ್ತರ ಕೊನೆಗೆ ತಾಯಿ ತೀರಿಕೊಳ್ಳುತ್ತಾಳೆ, ಕಥೆಯೂ ಅಲ್ಲಿಗೆ ನಿಲ್ಲುತ್ತದೆ. ಮುಂದೆ ನೋಡಿದರೆ ಇನ್ನೂ ನಾಲ್ಕು ಪುಸ್ತಕ: ನೆನಪು, ಕಾಲ, ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡ. ಹೆಚ್ಚಿನವರು ಇಲ್ಲೇ ಮಡಚಿಡುತ್ತಾರೆ. ಕೊನೆಯ ಪುಸ್ತಕಗಳನ್ನು ಕೈಬಿಟ್ಟು ಅಚ್ಚಾದ ಅನುವಾದಗಳೂ ಉಂಟು.

ಈ ನಾಲ್ಕು ಪುಸ್ತಕ ಬಾಲಂಗೋಚಿಯಲ್ಲ ಎಂದು ತೋರಿಸುವುದಷ್ಟೇ ಇಂದಿನ ಮಾತಿನ ಉದ್ದೇಶ. ಅದಕ್ಕೊಂದು ಸುಲಭದ ದಾರಿ ಇದೆ. ಪುಸ್ತಕದುದ್ದಕ್ಕೂ ಅಗಸ್ಟೀನ್ ಏನನ್ನು ಓದುತ್ತಾನೆ, ಹೇಗೆ ಓದುತ್ತಾನೆ ಎಂಬುದರ ಮೇಲೆ ಕಣ್ಣಿಡಿ. ಬದುಕಿನ ಒಂದೊಂದು ತಿರುವಿನಲ್ಲೂ ಅವನ ಕೈಯಲ್ಲಿ ಒಂದು ಹೊತ್ತಗೆ ಇರುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ಬೈಬಲ್ ತೆರೆದು ಮೂಗು ಮುರಿದವನು ಕೊನೆಯ ಮೂರು ಪುಸ್ತಕಗಳಲ್ಲಿ ಅದೇ ಬೈಬಲಿನ ಮೊದಲ ಪುಟವನ್ನು ಸಾಲುಸಾಲಾಗಿ ಓದುತ್ತಾನೆ. ಓದಲು ಬಾರದವನೊಬ್ಬ ಓದಲು ಕಲಿತ ಕಥೆ ಇದು ಎಂದು ಹಿಡಿದರೆ, ಒಂಬತ್ತರವರೆಗಿನದು ಕಲಿಕೆ, ಆಮೇಲಿನದು ಓದು.

ಮೊದಲು ಪುಸ್ತಕದ ಕಟ್ಟಡ ನೋಡೋಣ. ಭಾಷೆ ಲ್ಯಾಟಿನ್. ಒಟ್ಟು 13 ಭಾಗಗಳು, ಒಂದೊಂದನ್ನೂ ‘ಪುಸ್ತಕ’ ಎಂದೇ ಕರೆಯುವ ರೂಢಿ. ಬರೆದದ್ದು ಸುಮಾರು 397ರಿಂದ 401ರ ನಡುವೆ. ಅಗಸ್ಟೀನ್ ಆಗ ನಲವತ್ತು ದಾಟಿದವನು, ಇಂದು ಆಲ್ಜೀರಿಯದ ಅನ್ನಾಬ ಎನಿಸಿಕೊಂಡ ಹಿಪ್ಪೊ ಬಂದರಿನ ಹೊಸ ಬಿಷಪ್. ಮೊದಲ ಒಂಬತ್ತು ಪುಸ್ತಕಗಳು 354ರ ಹುಟ್ಟಿನಿಂದ 387ರಲ್ಲಿ ತಾಯಿ ಸಾಯುವವರೆಗಿನವು. ಹತ್ತನೆಯದು ಬರೆಯುತ್ತಿರುವ ಹೊತ್ತಿನ ಅಗಸ್ಟೀನನದು. ಎಲ್ಲಕ್ಕಿಂತ ಉದ್ದನೆಯದೂ ಅದೇ. ಹನ್ನೊಂದರಿಂದ ಹದಿಮೂರು ಆದಿಕಾಂಡದ ಮೊದಲ ಅಧ್ಯಾಯಕ್ಕೆ ಮೀಸಲು. 387ಕ್ಕೂ ಬರವಣಿಗೆಗೂ ನಡುವೆ ಹತ್ತು ವರ್ಷಗಳ ಕಂದಕವಿದೆ. 388ರಲ್ಲಿ ಊರಿಗೆ ಮರಳಿದ್ದು, 391ರಲ್ಲಿ ಹಿಪ್ಪೊದ ಜನ ಹಿಡಿದು ನಿಲ್ಲಿಸಿ ಪಾದ್ರಿ ಮಾಡಿದ್ದು, ಆಮೇಲೆ ಬಿಷಪ್ ಪಟ್ಟ, ಇದಾವುದರ ಕಥೆಯೂ ಇಲ್ಲಿಲ್ಲ. ಮಗ ಹದಿಹರೆಯದಲ್ಲೇ ತೀರಿಕೊಂಡದ್ದು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ.

ಉಲ್ಲೇಖದ ಅಂಕಿಗಳಲ್ಲಿ ತಪ್ಪುವವರು ಬಹಳ. 8.12.29 ಎಂದರೆ ಎಂಟನೇ ಪುಸ್ತಕ, 12ನೇ ಅಧ್ಯಾಯ, 29ನೇ ಪ್ಯಾರಾ. ಅಧ್ಯಾಯ, ಪ್ಯಾರಾ ಎರಡೂ ಬೇರೆ ಬೇರೆ ಕಾಲದ ಸಂಪಾದಕರು ಹಾಕಿದ ವಿಂಗಡಣೆ, ಅಗಸ್ಟೀನನದಲ್ಲ. ಎರಡರ ಎಣಿಕೆಯೂ ಆಯಾ ಪುಸ್ತಕದ ಆರಂಭದಿಂದಲೇ ಶುರುವಾಗುತ್ತದೆ. ಹಾಗಾಗಿ ಒಬ್ಬರು 8.12 ಎಂದೂ ಇನ್ನೊಬ್ಬರು 8.29 ಎಂದೂ ಬರೆದರೆ ಇಬ್ಬರೂ ಒಂದೇ ಜಾಗವನ್ನು ತೋರಿಸುತ್ತಿದ್ದಾರೆ. ಬೈಬಲಿನ ಕೀರ್ತನೆಗಳ ಎಣಿಕೆಯಲ್ಲೂ ಇಂಥದೇ ತೊಡಕು. ಅಗಸ್ಟೀನ್ ಬಳಸಿದ ಲ್ಯಾಟಿನ್ ಬೈಬಲ್ ಗ್ರೀಕ್ ಎಣಿಕೆಯನ್ನು ಅನುಸರಿಸುತ್ತದೆ. ಬಹುಪಾಲು ಕೀರ್ತನೆಗಳಿಗೆ ಅಲ್ಲಿನ ಸಂಖ್ಯೆ ಕನ್ನಡ ಸತ್ಯವೇದದ್ದಕ್ಕಿಂತ ಒಂದು ಕಡಿಮೆ. ಪುಸ್ತಕದ ಮೊದಲ ವಾಕ್ಯವೇ 144ನೇ ಕೀರ್ತನೆಯದು ಎಂದು ಅಡಿಟಿಪ್ಪಣಿ ಹೇಳಿದರೆ ಕನ್ನಡದಲ್ಲಿ 145 ತೆರೆಯಬೇಕು. ಈ ಹುಡುಕಾಟ ವ್ಯರ್ಥವಲ್ಲ, ಏಕೆಂದರೆ ಕೀರ್ತನೆಗಳ ಸಾಲು ಇಲ್ಲದ ಪುಟ ಸಿಗುವುದು ಅಪರೂಪ. ದೇವರೊಡನೆ ಮಾತಾಡಲು ಬೇಕಾದ ಭಾಷೆಯನ್ನು ಅವನು ಅಲ್ಲಿಂದಲೇ ತಂದುಕೊಂಡಿದ್ದಾನೆ.

ಇನ್ನು ಓದಿನ ಕಥೆಗೆ ಬರೋಣ. ತಗಾಸ್ತೆಯಲ್ಲಿ, ಅಂದರೆ ಇಂದಿನ ಆಲ್ಜೀರಿಯದ ಸೂಕ್ ಅಹ್ರಾಸ್‌ನಲ್ಲಿ, ಸಣ್ಣ ಹಿಡುವಳಿಯ ಪತ್ರಿಕಿಯುಸನ ಮಗ ಅಗಸ್ಟೀನ್ ಶಾಲೆಗೆ ಹೋಗುತ್ತಾನೆ, ಬೆತ್ತದೇಟು ತಿನ್ನುತ್ತಾನೆ. ‘ಒಂದು ಒಂದು ಎರಡು, ಎರಡು ಎರಡು ನಾಲ್ಕು’ ಎಂಬ ರಾಗ ಅವನಿಗೆ ಕಿವಿಗೆ ಕಾದ ಸೀಸ. ಗ್ರೀಕ್ ಕಂಡರಾಗದು. ರೋಮನ್ ಕವಿ ವರ್ಜಿಲನ ಕಾವ್ಯದಲ್ಲಿ ದೀದೋ ರಾಣಿ ಪ್ರೇಮಭಂಗದಿಂದ ಸಾಯುವ ಕಡೆ ಮಾತ್ರ ಕಣ್ಣೀರು ಸುರಿಸುತ್ತಾನೆ. ಬಿಷಪ್ ಆದ ಮೇಲೆ ಅದನ್ನು ನೆನೆಸಿಕೊಂಡು ಅವನು ಕೇಳುವ ಪ್ರಶ್ನೆ ಇದು: ದೀದೋಗಾಗಿ ಅತ್ತವನು ತನ್ನ ಸಾವಿಗಾಗಿ ಏಕೆ ಅಳಲಿಲ್ಲ? ಸಾಹಿತ್ಯದ ಮೇಲಿನ ದ್ವೇಷ ಎಂದು ಇದನ್ನು ಓದಿದರೆ ತಪ್ಪಾಗುತ್ತದೆ. ದೀದೋಳನ್ನು ಬಿಟ್ಟು ಆ ಕಾವ್ಯದ ನಾಯಕ ಏನೇಯಸ್ ಕಾರ್ಥೇಜಿನಿಂದ ಹಡಗು ಹತ್ತಿದಂತೆಯೇ ಐದನೇ ಪುಸ್ತಕದಲ್ಲಿ ಅಗಸ್ಟೀನ್ ತಾಯಿಗೆ ಸುಳ್ಳು ಹೇಳಿ ಅದೇ ಕಾರ್ಥೇಜಿನಿಂದ ರಾತ್ರೋರಾತ್ರಿ ರೋಮಿಗೆ ಹೊರಡುತ್ತಾನೆ. ದಡದಲ್ಲಿ ಅಳುವವಳು ತಾಯಿ ಮೋನಿಕಾ. ಮೊದಲ ಪುಸ್ತಕದ ದೀದೋ ಅಲ್ಲಿ ನೆನಪಾಗಲೇಬೇಕು, ಅವನು ಹೆಸರೆತ್ತದಿದ್ದರೂ.

ಎರಡನೇ ಪುಸ್ತಕದ ಪೇರಳೆಹಣ್ಣಿನ ಕಳವು ಎಲ್ಲರಿಗೂ ಗೊತ್ತು, ನಗುವವರೂ ಹೆಚ್ಚು. ಅಗಸ್ಟೀನನಿಗೆ 16 ವರ್ಷ, ಫೀಸಿಗೆ ಹಣ ಹೊಂದಲಿಲ್ಲವೆಂದು ಓದು ನಿಂತು ಮನೆಯಲ್ಲಿದ್ದ ವರ್ಷ. ಗೆಳೆಯರ ಜೊತೆ ಸರಿರಾತ್ರಿಯಲ್ಲಿ ಪಕ್ಕದ ತೋಟದ ಮರ ಅಲ್ಲಾಡಿಸಿ ಹೊರೆಗಟ್ಟಲೆ ಹಣ್ಣು ಹೊತ್ತು ತಂದು ಹಂದಿಗಳಿಗೆ ಎಸೆಯುತ್ತಾರೆ. ಇಷ್ಟಕ್ಕೆ ಅರ್ಧ ಪುಸ್ತಕ ಬೇಕೇ ಎಂದು ಕೇಳುವವರು ಅವನ ವಾದವನ್ನು ಹಿಡಿದಿಲ್ಲ. ಹಣ್ಣು ರುಚಿಯಾಗಿರಲಿಲ್ಲ, ಅದಕ್ಕಿಂತ ಒಳ್ಳೆಯದು ಮನೆಯಲ್ಲೇ ಇತ್ತು, ಹಸಿವೂ ಇರಲಿಲ್ಲ. ಬೇರೆ ಎಲ್ಲ ಪಾಪಕ್ಕೂ ಏನೋ ಒಂದು ಲಾಭ ಕಾಣುತ್ತದೆ. ಸಲ್ಲುಸ್ತ್ ಬರೆದ ಇತಿಹಾಸದ ಕತಿಲೀನನಂಥ ದುಷ್ಟನೂ ಯಾವುದೋ ಒಂದಕ್ಕಾಗಿ ಕೊಲೆ ಮಾಡಿಸಿದ. ಹಾಗಾದರೆ ಈ ಕಳವಿನಲ್ಲಿ ತಾನು ಪ್ರೀತಿಸಿದ್ದೇನನ್ನು? ಕಾಮ, ಲೋಭಗಳ ಅಪರಾಧವನ್ನು ಅವನು ಆರಿಸಿಕೊಳ್ಳದೆ ಬೇಕೆಂದೇ ಇಷ್ಟು ಚಿಲ್ಲರೆಯದನ್ನು ಆರಿಸಿದ್ದು ಕಾರಣಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕುವುದಕ್ಕೆ. ಕೊನೆಗೆ ಉಳಿಯುವ ಉತ್ತರ: ಒಬ್ಬನೇ ಇದ್ದಿದ್ದರೆ ಮಾಡುತ್ತಿರಲಿಲ್ಲ. ‘ನಡೀರಿ, ಮಾಡೋಣ’ ಎಂದಾಗ ನಾಚಿಕೆಯಿಲ್ಲದಿರಲು ನಾಚಿಕೆ.

19ನೇ ವಯಸ್ಸಿನಲ್ಲಿ ಪಠ್ಯಕ್ರಮದ ಭಾಗವಾಗಿ ರೋಮನ್ ವಾಗ್ಮಿ ಸಿಸೆರೊನ ‘ಹೊರ್ತೆನ್ಸಿಯುಸ್’ ಕೈಗೆ ಬರುತ್ತದೆ. ಆ ಕೃತಿ ಇಂದು ಉಳಿದಿಲ್ಲ, ಚೂರುಗಳಷ್ಟೇ ಇವೆ. ಮಾತಿನ ಚಮತ್ಕಾರ ಕಲಿಯಲು ಓದಬೇಕಾದ ಪುಸ್ತಕದಲ್ಲಿ ಅವನು ಮೊದಲ ಸಲ ಹೇಳಿದ್ದೇನು ಎಂಬುದನ್ನು ನೋಡುತ್ತಾನೆ. ಜ್ಞಾನದ ಹಂಬಲ ಹೊತ್ತಿಕೊಳ್ಳುತ್ತದೆ. ಆ ಬಿಸಿಯಲ್ಲೇ ಬೈಬಲ್ ತೆರೆಯುತ್ತಾನೆ. ಹಳೆಯ ಲ್ಯಾಟಿನ್ ಅನುವಾದ, ಒರಟು ಭಾಷೆ. ಸಿಸೆರೊನ ಮುಂದೆ ಇದೆಂಥದು ಎಂದು ಮುಚ್ಚಿಡುತ್ತಾನೆ (3.5.9). ಬೈಬಲಿನ ಬಾಗಿಲು ಒಳಹೋಗುವವನಿಗೆ ತಗ್ಗು, ಒಳಗೆ ಹೋದಷ್ಟೂ ಎತ್ತರ. ತಲೆ ತಗ್ಗಿಸಲು ತನಗೆ ಬರುತ್ತಿರಲಿಲ್ಲ ಎಂದು ಆಮೇಲಿನ ತೀರ್ಪು.

ಈ ತೆರವಿಗೆ ಮಣಿಯವರು ಬಂದು ಕೂತರು. ಮೂರನೇ ಶತಮಾನದ ಮೆಸೊಪೊಟೇಮಿಯದ ಮಣಿ ಎಂಬವನ ಪಂಥ. ಬೆಳಕು ಕತ್ತಲೆಗಳೆರಡೂ ಅನಾದಿ, ಜಗತ್ತು ಇವೆರಡರ ಕಲಬೆರಕೆ ಎಂಬ ಬೋಧೆ. ಅವರ ಹಿಡಿತ ಇದ್ದದ್ದು ಪ್ರಶ್ನೆಗಳಲ್ಲಿ: ಕೇಡು ಎಲ್ಲಿಂದ ಬಂತು? ದೇವರಿಗೆ ಕೂದಲು ಉಗುರು ಇವೆಯೇ? ಹಲವು ಹೆಂಡಿರಿದ್ದ ಬೈಬಲಿನ ಮೂಲಪುರುಷರು ನೀತಿವಂತರು ಹೇಗಾದಾರು? ಬೈಬಲಿನ ಮೊದಲ ಭಾಗವಾದ ಹಳೆ ಒಡಂಬಡಿಕೆಯನ್ನು ಅಕ್ಷರಶಃ ಓದಿ ತಳ್ಳಿಹಾಕುವುದು ಅವರ ಕ್ರಮ, ಅಗಸ್ಟೀನನಿಗೂ ಬೇರೆ ಓದು ಗೊತ್ತಿರಲಿಲ್ಲ. ಒಂಬತ್ತು ವರ್ಷ ಪಂಥದ ಕೆಳಗಿನ ದರ್ಜೆಯಾದ ‘ಕೇಳುಗ’ರಲ್ಲಿ ಉಳಿದ. ಆ ನಂಟು ಸಡಿಲವಾದದ್ದೂ ಓದಿನಿಂದಲೇ. ಗ್ರಹಣಗಳನ್ನು ದಿನ, ಗಳಿಗೆ ಸಮೇತ ಮುಂಚೆಯೇ ಹೇಳುವ ಖಗೋಳಜ್ಞರ ಲೆಕ್ಕ ಸರಿಬರುತ್ತಿತ್ತು, ಮಣಿಯ ಪುಸ್ತಕ ಅದಕ್ಕೆ ಹೊಂದುತ್ತಿರಲಿಲ್ಲ. ಪಂಥದ ದೊಡ್ಡ ವಿದ್ವಾಂಸ ಫೌಸ್ತುಸ್ ಬಂದರೆ ಬಗೆಹರಿಯುತ್ತದೆ ಎಂದು ಹೇಳುತ್ತಿದ್ದರು. ಬಂದ. ಸೊಗಸಾಗಿ ಮಾತಾಡುವವನು, ಒಳ್ಳೆಯ ಮನುಷ್ಯ. ಓದಿದ್ದು ಮಾತ್ರ ಸಿಸೆರೊನ ಕೆಲವು ಭಾಷಣ, ಸೆನೆಕನ ಒಂದಿಷ್ಟು, ಕೆಲವು ಕವಿಗಳು. ಪ್ರಶ್ನೆ ಕೇಳಿದಾಗ ನನಗೆ ತಿಳಿಯದು ಎಂದ. ಅಗಸ್ಟೀನ್ ಅವನನ್ನು ಹಂಗಿಸುವುದಿಲ್ಲ. ತಿಳಿಯದ್ದನ್ನು ತಿಳಿಯದೆಂದವನ ಮೇಲೆ ಅವನಿಗೆ ಗೌರವ ಹುಟ್ಟಿತು. ನಂಬಿಕೆ ಹೋಯಿತು.

383ರಲ್ಲಿ ರೋಮ್. ಅಲ್ಲಿನ ವಿದ್ಯಾರ್ಥಿಗಳು ಫೀಸು ಕೊಡುವ ಹೊತ್ತಿಗೆ ಗುಂಪಾಗಿ ಬೇರೆ ಮೇಷ್ಟರ ಹತ್ತಿರ ಹೋಗುತ್ತಿದ್ದರು. 384ರಲ್ಲಿ ನಗರಾಧಿಕಾರಿ ಸಿಮ್ಮಾಕುಸನ ಆಯ್ಕೆಯ ಮೇಲೆ ಮಿಲಾನಿಗೆ, ವಾಗ್ಮಿತೆಯ ಅಧ್ಯಾಪಕನಾಗಿ. ಆಗ ಅದು ಚಕ್ರವರ್ತಿಯ ಆಸ್ಥಾನವಿದ್ದ ನಗರ. ಅಲ್ಲಿನ ಬಿಷಪ್ ಅಂಬ್ರೋಸನ ಪ್ರವಚನಕ್ಕೆ ಹೋದದ್ದು ಶೈಲಿ ಹೇಗಿದೆ ನೋಡೋಣವೆಂದು. ಶೈಲಿಯ ಜೊತೆಗೆ ವಿಷಯವೂ ಒಳಹೊಕ್ಕಿತು. ಅಕ್ಷರ ಕೊಲ್ಲುತ್ತದೆ, ಆತ್ಮ ಬದುಕಿಸುತ್ತದೆ ಎಂಬ ಅಪೊಸ್ತಲ ಪೌಲನ ಮಾತನ್ನು ನಿಯಮವಾಗಿಟ್ಟುಕೊಂಡು ಅಂಬ್ರೋಸ್ ಹಳೆ ಒಡಂಬಡಿಕೆಯ ಪರದೆ ಸರಿಸುತ್ತಿದ್ದ. ದೇವರಿಗೆ ಕೂದಲು ಉಗುರಿನ ಪ್ರಶ್ನೆ ಹಾಗೇ ಕಳಚಿ ಬಿತ್ತು.

ಇಲ್ಲಿ ಬರುತ್ತದೆ ಪ್ರಸಿದ್ಧವಾದ 6.3.3. ಅಂಬ್ರೋಸ್ ಓದುವಾಗ ಕಣ್ಣು ಪುಟದ ಮೇಲೆ ಸಾಗುತ್ತದೆ, ಮನಸ್ಸು ಅರ್ಥ ತೋಡುತ್ತದೆ, ದನಿಯೂ ನಾಲಿಗೆಯೂ ಸುಮ್ಮನಿರುತ್ತವೆ. ಯಾರು ಬೇಕಾದರೂ ಒಳಬರಬಹುದು, ಬಂದವರು ಬಹಳ ಹೊತ್ತು ಸುಮ್ಮನೆ ಕೂತು ಎದ್ದುಹೋಗುತ್ತಾರೆ. ಯಾಕೆ ಹೀಗೆ ಓದುತ್ತಾನೆ? ಜೋರಾಗಿ ಓದಿದರೆ ಕೇಳುವವರು ಕಷ್ಟದ ಜಾಗಕ್ಕೆ ವಿವರಣೆ ಕೇಳಿಯಾರು, ಅಥವಾ ಬೇಗ ಒಡೆಯುವ ಗಂಟಲನ್ನು ಕಾಪಾಡಿಕೊಳ್ಳಲಿಕ್ಕಿರಬಹುದು ಎಂದು ಅಗಸ್ಟೀನನ ಊಹೆ. ಇದರ ಮೇಲೆ ಒಂದು ದೊಡ್ಡ ಕಟ್ಟುಕಥೆ ಬೆಳೆದಿದೆ: ಮೌನವಾಗಿ ಓದಿದ ಮೊದಲ ಮನುಷ್ಯ ಅಂಬ್ರೋಸ್ ಅಂತೆ! ಮೌನ ಓದು ಪ್ರಾಚೀನರಿಗೆ ಹೊಸದೇನಲ್ಲ; ಎರಡು ಪುಸ್ತಕ ದಾಟಿದರೆ ಅಗಸ್ಟೀನನೇ ತೋಟದಲ್ಲಿ ಸದ್ದಿಲ್ಲದೆ ಓದುತ್ತಾನೆ, ಅದಕ್ಕೆ ವಿವರಣೆಯನ್ನೂ ಕೊಡುವುದಿಲ್ಲ. ಅವನನ್ನು ಕಾಡಿದ್ದು ಬೇರೆ. ಎದುರಿಗೆ ಜನ ಕಾಯುತ್ತಿರುವಾಗ, ಕೇಳಬೇಕಾದ ನೂರು ಪ್ರಶ್ನೆ ತನ್ನ ಹೊಟ್ಟೆಯಲ್ಲಿರುವಾಗ, ಆ ಮನುಷ್ಯ ಪುಸ್ತಕದ ಪಾಲಾಗಿದ್ದಾನೆ. ಗುರುವಿನಿಂದ ಖಾಸಗಿಯಾಗಿ ಅವನಿಗೆ ಸಿಕ್ಕ ಪಾಠ ಆ ನೋಟವಷ್ಟೇ.

ಆರನೇ ಪುಸ್ತಕದ ಇನ್ನೊಂದು ಜಾಗ ಓದುಗರನ್ನು ಸರಿಯಾಗಿಯೇ ಕೆರಳಿಸುತ್ತದೆ. ಒಂದು ದಶಕಕ್ಕೂ ಮೀರಿ ಜೊತೆಗಿದ್ದ, ಮಗ ಅದೆಯೊದಾತುಸನನ್ನು ಹೆತ್ತ ಹೆಂಗಸನ್ನು, ಶ್ರೀಮಂತ ಮನೆತನದ ಮದುವೆಗೆ ಅಡ್ಡಿಯೆಂದು ಆಫ್ರಿಕಕ್ಕೆ ಕಳಿಸಿಬಿಡುತ್ತಾರೆ. ನಿಶ್ಚಯವಾದ ಹುಡುಗಿಗೆ ಮದುವೆಯ ವಯಸ್ಸಿಗೆ ಇನ್ನೂ ಎರಡು ವರ್ಷ ಬಾಕಿ. ರೋಮನ್ ಕಾನೂನಿನಲ್ಲಿ ಆ ವಯಸ್ಸು 12. ಹೋದವಳು ಇನ್ನೊಬ್ಬ ಗಂಡಸನ್ನು ಸೇರೆನೆಂದು ಹರಕೆ ಹೊತ್ತು ಹೋದಳು. ಇವನು ಎರಡು ವರ್ಷ ಕಾಯಲಾರದೆ ಬೇರೊಬ್ಬಳನ್ನು ಕೂಡಿಕೊಂಡ. ಹೃದಯ ಅವಳಿಗೆ ಅಂಟಿದ್ದ ಕಡೆ ಕಿತ್ತು ರಕ್ತ ಸುರಿಯಿತು ಎಂದು ಬರೆಯುತ್ತಾನೆ, ಆದರೆ ಅವಳ ಹೆಸರು ಬರೆಯುವುದಿಲ್ಲ. ಅವಳ ಘನತೆ ಕಾಯಲೆಂದು ಹಾಗೆ ಮಾಡಿದ ಎನ್ನುವವರಿದ್ದಾರೆ. ತಾಯಿಯ ಹೆಸರೂ ಇಡೀ ಪುಸ್ತಕದಲ್ಲಿ ಒಮ್ಮೆ ಮಾತ್ರ ಬರುವುದು ನಿಜ. ಆದರೂ ಒಮ್ಮೆ ಬರುವುದಕ್ಕೂ ಒಮ್ಮೆಯೂ ಬಾರದಿರುವುದಕ್ಕೂ ವ್ಯತ್ಯಾಸವಿದೆ.

ಏಳನೆಯದು ಕಷ್ಟದ ಪುಸ್ತಕ, ಆದರೆ ಅದರ ತಿರುಳು ಒಂದು ಓದಿನ ವರದಿ. ರೋಮಿನ ವಿದ್ವಾಂಸ ಮಾರಿಯುಸ್ ವಿಕ್ಟೋರಿನುಸ್ ಲ್ಯಾಟಿನ್ನಿಗೆ ತಂದಿದ್ದ ‘ಪ್ಲೇಟೊವಾದಿಗಳ ಪುಸ್ತಕಗಳು’ ಕೈಗೆ ಸಿಕ್ಕವು. 7.9ರಲ್ಲಿ ಅವನು ಅವನ್ನು ಯೋಹಾನನ ಸುವಾರ್ತೆಯ ಆರಂಭದ ಪಕ್ಕ ಇಟ್ಟು ಎರಡು ಕಾಲಂ ಹಾಕಿದ ಹಾಗೆ ಬರೆಯುತ್ತಾನೆ. ಅಲ್ಲಿ ಓದಿದೆ: ಆದಿಯಲ್ಲಿ ವಾಕ್ಯವಿತ್ತು, ಅದೇ ಪದಗಳಲ್ಲಲ್ಲದಿದ್ದರೂ ಅದೇ ಅರ್ಥದಲ್ಲಿ. ಅಲ್ಲಿ ಓದಲಿಲ್ಲ: ವಾಕ್ಯವು ಮಾಂಸವಾಯಿತು ಎಂಬುದು. ಕೇಡಿಗೆ ಸ್ವಂತ ಇರವಿಲ್ಲ, ದೇವರಿಗೆ ಅಳತೆಯಿಲ್ಲ ಎಂಬುದೆಲ್ಲ ಇಲ್ಲಿ ತಿಳಿಯಾಯಿತು. ಕಾಡಿನ ಶಿಖರದಿಂದ ಊರು ಕಾಣಿಸಿತು, ಹೋಗುವ ದಾರಿ ಕಾಣಲಿಲ್ಲ.

ಎಂಟನೇ ಪುಸ್ತಕವನ್ನು ಮಾತ್ರ ಒಂದೇ ಕೂತಿಗೆ ಓದಬೇಕು. ಬಿಡಿಬಿಡಿಯಾಗಿ ಓದಿದರೆ ತೋಟದ ದೃಶ್ಯ ಆಕಾಶದಿಂದ ಬಿದ್ದ ಪವಾಡದಂತೆ ಕಾಣುತ್ತದೆ. ಮೊದಲಿನಿಂದ ಬಂದರೆ ಒಂದು ಸರಪಳಿ ಕಾಣುತ್ತದೆ. ಮನೆಗೆ ಬಂದ ಆಸ್ಥಾನದ ಅಧಿಕಾರಿ ಪೊಂತಿಕಿಯಾನುಸ್, ಆಟದ ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿ ನೋಡುತ್ತಾನೆ. ಪಾಠದ ಪುಸ್ತಕವಿರಬೇಕು ಅಂದುಕೊಂಡರೆ ಅದು ಪೌಲನ ಪತ್ರಿಕೆಗಳು. ಮಾತು ಈಜಿಪ್ಟಿನ ಸನ್ಯಾಸಿ ಅಂತೋನಿಯ ಕಡೆ ತಿರುಗುತ್ತದೆ. ತ್ರಿಯೆರ್ ನಗರದಲ್ಲಿ ಇಬ್ಬರು ಅಧಿಕಾರಿಗಳು ಗುಡಿಸಲೊಂದರಲ್ಲಿ ಅಂತೋನಿಯ ಚರಿತ್ರೆ ಕಂಡು ಓದುತ್ತ ಓದುತ್ತ ಅಲ್ಲೇ ನೌಕರಿ ಬಿಟ್ಟರಂತೆ. ಅಂತೋನಿಯಾದರೂ ಬದಲಾದದ್ದು ದೇವಾಲಯದಲ್ಲಿ ಓದುತ್ತಿದ್ದ ಸುವಾರ್ತೆಯ ಮಾತು ತನಗೇ ಹೇಳಿದ್ದೆಂದು ಕೇಳಿಸಿಕೊಂಡಾಗ. ಇಷ್ಟು ಕೇಳಿ ಅಗಸ್ಟೀನನಿಗೆ ಕುದಿ ಹತ್ತುತ್ತದೆ. ಏನೂ ಓದದವರು ಎದ್ದು ಹೊರಟರು, ನಾವು ಪಂಡಿತರು ಇಲ್ಲೇ ಹೊರಳುತ್ತಿದ್ದೇವೆ ಎಂದು ಗೆಳೆಯ ಅಲಿಪಿಯುಸನ ಮೇಲೆ ಕೂಗಾಡಿ ತೋಟಕ್ಕೆ ನಡೆಯುತ್ತಾನೆ. 386ರ ಬೇಸಗೆಯ ಕೊನೆ. ಅಂಜೂರದ ಮರದಡಿ ಅಳುತ್ತಿರುವಾಗ ಪಕ್ಕದ ಮನೆಯಿಂದ ‘ಎತ್ತಿಕೋ ಓದು, ಎತ್ತಿಕೋ ಓದು’ ಎಂಬ ಮಕ್ಕಳ ದನಿ. ಹುಡುಗನದೋ ಹುಡುಗಿಯದೋ ತಿಳಿಯದು. ಅವನು ಮೊದಲು ಮಾಡುವುದು ಯೋಚನೆ: ಮಕ್ಕಳ ಯಾವುದಾದರೂ ಆಟದಲ್ಲಿ ಈ ಪಲ್ಲವಿ ಇದೆಯೇ? ನೆನಪಿಗೆ ಬರುವುದಿಲ್ಲ. ಆಗ ಅಂತೋನಿಯ ಕಥೆ ನೆನಪಾಗುತ್ತದೆ, ಅರ್ಧ ದಿನವೂ ಆಗಿರದ ಕಥೆ. ಅಲಿಪಿಯುಸನ ಬಳಿ ಬಿಟ್ಟಿದ್ದ ಪೌಲನನ್ನು ತೆರೆದರೆ ರೋಮಾಪುರದವರಿಗೆ ಬರೆದ ಪತ್ರಿಕೆ, 13:13–14. ಒಂದು ವಾಕ್ಯ ಓದಿ ನಿಲ್ಲಿಸುತ್ತಾನೆ. ಮುಂದೆ ಓದುವ ಅಗತ್ಯ ಕಾಣಲಿಲ್ಲ. ಬೆರಳೋ ಮತ್ತಾವುದೋ ಗುರುತನ್ನೋ ಇಟ್ಟು ಮುಚ್ಚುತ್ತಾನೆ. ಅಲಿಪಿಯುಸ್ ಅದೇ ಜಾಗ ತೆರೆದು ಮುಂದಿನ ವಾಕ್ಯ ಓದಿಕೊಂಡು, ‘ನಂಬಿಕೆಯಲ್ಲಿ ದುರ್ಬಲನಾದವನನ್ನು ಸೇರಿಸಿಕೊಳ್ಳಿರಿ’ ಎಂಬುದು ತನಗೆಂದು ಎತ್ತಿಕೊಳ್ಳುತ್ತಾನೆ.

ಇದು ನಡೆದದ್ದೋ, ಕಟ್ಟಿದ್ದೋ? 1888ರಿಂದೀಚೆಗೆ ಈ ಜಗಳ ನಿಂತಿಲ್ಲ. ಕಾರಣ ಸರಳ: ಅದೇ 386ರ ಚಳಿಗಾಲಕ್ಕೆ ಮುಂಚೆ, ಕಸ್ಸಿಕಿಯಾಕುಮ್ ಎಂಬಲ್ಲಿನ ಗೆಳೆಯನ ಹಳ್ಳಿಮನೆಯಲ್ಲಿ ಅಗಸ್ಟೀನ್ ಬರೆದ ಸಂವಾದಗಳು ನಮಗೆ ಉಳಿದಿವೆ. ಅವುಗಳಲ್ಲಿ ತತ್ತ್ವಶಾಸ್ತ್ರವಿದೆ, ಕೆಲಸ ಬಿಡಲು ಕಾರಣವಾದ ಎದೆನೋವಿದೆ, ಅಂಜೂರದ ಮರವಿಲ್ಲ. 1950ರಲ್ಲಿ ಫ್ರೆಂಚ್ ವಿದ್ವಾಂಸ ಪಿಯೆರ್ ಕೂರ್ಸೆಲ್ ಇನ್ನೊಂದು ಎಳೆ ಎತ್ತಿದ: ಉಳಿದಿರುವ ಅತ್ಯಂತ ಹಳೆಯ ಹಸ್ತಪ್ರತಿಯಲ್ಲಿ ‘ಪಕ್ಕದ ಮನೆ’ ಇರುವ ಕಡೆ ‘ದೈವೀ ಮನೆ’ ಎಂದಿದೆ. ಬೇರೆ ಪ್ರತಿಗಳೆಲ್ಲ ಪಕ್ಕದ ಮನೆ ಎಂದೇ ಓದುತ್ತವೆ. ಮಕ್ಕಳ ಆಟದ ಯೋಚನೆ ಆಮೇಲೆ ಬರುವುದರಿಂದ ಪಕ್ಕದ ಮನೆಯೇ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ಆಕಾಶವಾಣಿಯಾಗಿದ್ದರೆ ಯಾವ ಆಟವೆಂದು ತಲೆ ಕೆರೆದುಕೊಳ್ಳುವ ಅಗತ್ಯವೇನಿತ್ತು?

ಮತಾಂತರದೊಂದಿಗೆ ಓದು ಬಂದುಬಿಟ್ಟಿತು ಎಂದುಕೊಳ್ಳುವಂತಿಲ್ಲ. ಒಂಬತ್ತನೇ ಪುಸ್ತಕದಲ್ಲಿ ಬಹಳ ಜನ ಗಮನಿಸದ ಒಂದು ಪ್ಯಾರಾ ಇದೆ, 9.5.13. ದೀಕ್ಷಾಸ್ನಾನಕ್ಕೆ ಮುಂಚೆ ಏನು ಓದಲಿ ಎಂದು ಅಂಬ್ರೋಸನಿಗೆ ಪತ್ರ ಬರೆದು ಕೇಳುತ್ತಾನೆ. ಪ್ರವಾದಿ ಯೆಶಾಯನ ಗ್ರಂಥ ಓದು ಎಂದು ಉತ್ತರ ಬರುತ್ತದೆ. ಮೊದಲ ಭಾಗವೇ ಅರ್ಥವಾಗದೆ ಉಳಿದದ್ದೂ ಹೀಗೇ ಇರಬೇಕೆಂದು ಪಕ್ಕಕ್ಕಿಡುತ್ತಾನೆ, ಭಾಷೆ ಪಳಗಿದ ಮೇಲೆ ನೋಡೋಣವೆಂದು. ಹನ್ನೆರಡು ವರ್ಷ ಮೊದಲು ಮುಚ್ಚಿದ್ದಕ್ಕೂ ಈಗ ಮುಚ್ಚಿದ್ದಕ್ಕೂ ಎಷ್ಟು ಅಂತರ! ಆಗ ಪುಸ್ತಕ ತನಗೆ ತಕ್ಕದ್ದಲ್ಲ, ಈಗ ತಾನು ಪುಸ್ತಕಕ್ಕೆ ತಕ್ಕವನಲ್ಲ.

387ರ ಏಪ್ರಿಲ್ 24ರ ರಾತ್ರಿ, ಈಸ್ಟರ್ ಜಾಗರಣೆಯಲ್ಲಿ, ಅವನಿಗೂ ಅಲಿಪಿಯುಸನಿಗೂ ಮಗನಿಗೂ ಅಂಬ್ರೋಸನಿಂದ ದೀಕ್ಷಾಸ್ನಾನವಾಗುತ್ತದೆ. ಊರಿಗೆ ಹೊರಟು ರೋಮಿನ ಬಂದರು ಒಸ್ತಿಯಾದಲ್ಲಿ ಹಡಗಿಗೆ ಕಾಯುತ್ತಿದ್ದಾಗ ಮೋನಿಕಾಗೆ ಜ್ವರ ಬಂದು ಒಂಬತ್ತನೇ ದಿನ ತೀರಿಕೊಳ್ಳುತ್ತಾಳೆ. ಅವಳಿಗೆ ಆಗ 56ನೇ ವರ್ಷ ನಡೆಯುತ್ತಿತ್ತು, ಮಗನಿಗೆ 33ನೆಯದು. ಅವಳ ಸಮಾಧಿಲೇಖದ ಒಂದು ತುಂಡು 1945ರಲ್ಲಿ ಒಸ್ತಿಯಾದಲ್ಲಿ ಸಿಕ್ಕಿತು, ಆಟದ ಕಂಬ ನೆಡಲು ಹುಡುಗರು ಗುಂಡಿ ತೋಡಿದಾಗ.

ಹತ್ತನೇ ಪುಸ್ತಕ ಶುರುವಾಗುವುದೇ ಓದುಗರ ವಿಚಾರದಿಂದ. ದೇವರಿಗೆ ಹೇಳುವುದನ್ನು ಜನ ಏಕೆ ಕೇಳಬೇಕು? ಇನ್ನೊಬ್ಬರ ಬದುಕು ತಿಳಿಯುವ ಚಪಲ ಜಾಸ್ತಿ, ತಮ್ಮದನ್ನು ತಿದ್ದಿಕೊಳ್ಳಲು ಸೋಮಾರಿತನ ಎಂದು ನೇರವಾಗಿಯೇ ಬಯ್ಯುತ್ತಾನೆ. ಆಮೇಲೆ ನೆನಪಿನ ವಿಶಾಲ ಬಯಲು, ಅರಮನೆಗಳು. ಅದರ ನಂತರ ಬಿಷಪ್ ಆದ ಮೇಲೂ ಹೋಗದ ಚಟಗಳ ತಪಾಸಣೆ. ಕನಸು, ಊಟ, ಸಂಗೀತ, ಹೊಗಳಿಕೆ. ಪವಿತ್ರನಾದವನ ಕಥೆ ಎಂದು ಓದುತ್ತ ಬಂದವರಿಗೆ ಇದೊಂದು ಒಳ್ಳೆಯ ಮದ್ದು. ಸರ್ಕಸ್ಸಿಗೆ ನಾಯಿ ಮೊಲವನ್ನಟ್ಟುವುದನ್ನು ನೋಡಲು ಈಗ ಹೋಗುವುದಿಲ್ಲ, ಆದರೆ ಮನೆಯಲ್ಲಿ ಕೂತಾಗ ಹಲ್ಲಿ ನೊಣ ಹಿಡಿಯುವುದನ್ನೋ ಜೇಡ ಬಲೆಗೆ ಬಿದ್ದ ನೊಣವನ್ನು ಸುತ್ತುವುದನ್ನೋ ನೋಡುತ್ತ ಮೈಮರೆಯುತ್ತೇನೆ ಎನ್ನುತ್ತಾನೆ (10.35.57).

ಹನ್ನೊಂದರಲ್ಲಿ ಆದಿಕಾಂಡದ ಮೊದಲ ಪದಗಳು: ‘ಆದಿಯಲ್ಲಿ’. ಮೋಶೆ ಇದನ್ನು ಬರೆದು ಹೊರಟುಹೋದ. ಇದ್ದಿದ್ದರೆ ಹಿಡಿದು ಕೇಳುತ್ತಿದ್ದೆ, ಆದರೆ ಅವನು ಹೀಬ್ರೂ ಮಾತಾಡಿದರೆ ನನಗೆ ತಿಳಿಯುತ್ತಿರಲಿಲ್ಲ ಎಂಬಲ್ಲಿಂದ ಆರಂಭ. ಸೃಷ್ಟಿಗೆ ಮುಂಚೆ ದೇವರು ಏನು ಮಾಡುತ್ತಿದ್ದ ಎಂಬ ಪ್ರಶ್ನೆಗೆ, ಇಂಥ ಪ್ರಶ್ನೆ ಕೇಳುವವರಿಗಾಗಿ ನರಕ ಸಿದ್ಧಪಡಿಸುತ್ತಿದ್ದ ಎಂಬ ಹಳೆಯ ಚಟಾಕಿಯನ್ನು ಹೇಳಿ, ತಾನು ಹಾಗೆ ಉತ್ತರಿಸುವುದಿಲ್ಲ ಎನ್ನುತ್ತಾನೆ. ಪ್ರಶ್ನೆಯೇ ಕಾಲವೆಂದರೇನು ಎಂಬುದಕ್ಕೆ ತಿರುಗುತ್ತದೆ. ಯಾರೂ ಕೇಳದಿದ್ದರೆ ಗೊತ್ತು, ಕೇಳಿದವರಿಗೆ ಹೇಳಹೋದರೆ ಗೊತ್ತಿಲ್ಲ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅದಾದ ಮೇಲಿನ ಪ್ರಯೋಗವನ್ನು ಓದಿದವರು ಕಡಿಮೆ.

ಆ ಪ್ರಯೋಗ ಛಂದಸ್ಸಿನದು. ಕನ್ನಡದ ಓದುಗರಿಗೆ ಇಲ್ಲಿ ಇಂಗ್ಲಿಷ್ ಓದುಗರಿಗಿಂತ ಅನುಕೂಲ ಹೆಚ್ಚು. ಅಂಬ್ರೋಸನ ಸ್ತೋತ್ರದ ಒಂದು ಸಾಲು: ‘ದೆಉಸ್ ಕ್ರೆಆತೊರ್ ಒಮ್ನಿಉಮ್’, ಎಲ್ಲವನ್ನೂ ಸೃಷ್ಟಿಸಿದ ದೇವರೇ ಎಂದು. ಎಂಟು ಅಕ್ಷರ, ಒಂದು, ಮೂರು, ಐದು, ಏಳನೆಯವು ಲಘು, ಎರಡು, ನಾಲ್ಕು, ಆರು, ಎಂಟನೆಯವು ಗುರು ಎಂದು ಅಗಸ್ಟೀನನೇ ಎಣಿಸಿಕೊಡುತ್ತಾನೆ (11.27.35). ನಮ್ಮ ಪ್ರಸ್ತಾರ ಹಾಕಿ ನೋಡಿ: ದೆ ಲಘು, ಮುಂದೆ ‘ಕ್ರೆ’ ಒತ್ತಕ್ಷರ ಇರುವುದರಿಂದ ‘ಉಸ್’ ಗುರು, ಕ್ರೆ ಲಘು, ಆ ಗುರು, ತೊ ಲಘು, ಮುಂದಿನ ಒತ್ತಿನಿಂದ ‘ರೊಮ್’ ಗುರು, ನಿ ಲಘು, ಉಮ್ ಗುರು. ಒಟ್ಟು 12 ಮಾತ್ರೆ. ಗುರು ಲಘುವಿನ ಎರಡರಷ್ಟು ಎಂದು ಕಿವಿ ಹೇಳುತ್ತದೆ. ಆದರೆ ಅಳೆದದ್ದು ಹೇಗೆ? ಲಘು ಮುಗಿಯದೆ ಗುರು ಶುರುವಾಗುವುದಿಲ್ಲ, ಗುರು ಮುಗಿಯದೆ ಅದರ ಉದ್ದ ತಿಳಿಯುವುದಿಲ್ಲ, ಮುಗಿದಾಗ ಎರಡೂ ಇಲ್ಲ. ಇಲ್ಲದ ಎರಡನ್ನು ಪಕ್ಕಪಕ್ಕ ಇಟ್ಟು ಅಳೆದೆ. ಹಾಗಾದರೆ ಅಳೆದದ್ದು ಅಕ್ಷರವನ್ನಲ್ಲ, ಅದು ನೆನಪಿನಲ್ಲಿ ಊರಿಹೋದ ಗುರುತನ್ನು. ಬಾಯಿಪಾಠವಾದ ಕೀರ್ತನೆಯನ್ನು ಹೇಳುವಾಗ ಇನ್ನೂ ಹೇಳದ್ದು ನಿರೀಕ್ಷೆಯಲ್ಲಿ, ಹೇಳಿಯಾದದ್ದು ನೆನಪಿನಲ್ಲಿ, ನಡುವೆ ಗಮನ. ಒಂದು ಅಕ್ಷರಕ್ಕೆ, ಒಂದು ಕೀರ್ತನೆಗೆ, ಒಬ್ಬ ಮನುಷ್ಯನ ಬದುಕಿಗೆ, ಮನುಕುಲದ ಇಡೀ ಚರಿತ್ರೆಗೆ ಇದೇ ಲೆಕ್ಕ ಎಂದು ಮುಂದಿನ ಅಧ್ಯಾಯ ಬೆಳೆಸುತ್ತದೆ.

ಈ ಸಾಲನ್ನೇ ಅವನು ಏಕೆ ಆರಿಸಿದ? 9.12.32ಕ್ಕೆ ಹಿಂತಿರುಗಿ. ತಾಯಿಯನ್ನು ಮಣ್ಣು ಮಾಡಿ ಬಂದ ದಿನ, ಸ್ನಾನ ಮಾಡಿದರೂ ಕರಗದ ದುಃಖ, ನಿದ್ದೆ ಮಾಡಿ ಎದ್ದಾಗ ಮನಸ್ಸಿಗೆ ಬಂದದ್ದು ಇದೇ ಸ್ತೋತ್ರ. ಅದರ ನಂತರವೇ ಕಣ್ಣೀರು ಬಂತು. ಒಂಬತ್ತಕ್ಕೆ ನಿಲ್ಲಿಸಿದವರಿಗೆ ಈ ಕೊಂಡಿ ಸಿಗುವುದೇ ಇಲ್ಲ. ಹನ್ನೊಂದನ್ನು ಮಾತ್ರ ತತ್ತ್ವಶಾಸ್ತ್ರದ ತರಗತಿಗೆ ಕಿತ್ತುಕೊಂಡವರಿಗೂ ಇಲ್ಲ.

ಹನ್ನೆರಡನೆಯದು ಇನ್ನೂ ಆದಿಕಾಂಡದ ಎರಡನೇ ವಚನದಲ್ಲೇ ಇರುತ್ತದೆ. ಆದರೆ ಓದಿನ ಬಗ್ಗೆ ಅವನ ಅತ್ಯಂತ ಧಾರಾಳವಾದ ಮಾತು ಇಲ್ಲಿದೆ. ‘ಆಕಾಶವನ್ನೂ ಭೂಮಿಯನ್ನೂ’ ಎಂಬುದಕ್ಕೆ ಐದಾರು ಅರ್ಥಗಳನ್ನು ಸಾಲಾಗಿ ಇಟ್ಟು, ಮೋಶೆ ಹೇಳಿದ್ದು ನನ್ನ ಅರ್ಥವನ್ನೇ ಎಂದು ಹಟ ಹಿಡಿಯುವವರನ್ನು ಕೇಳುತ್ತಾನೆ: ಸತ್ಯವಾದದ್ದು ನಿಮ್ಮದು ಹೇಗಾದೀತು, ಅದು ಎಲ್ಲರದು. ನಾನು ಮೋಶೆಯಾಗಿದ್ದರೆ ಓದಿದವರು ಯಾವ ಯಾವ ಸತ್ಯ ಕಂಡರೂ ಅದು ನನ್ನ ಮಾತಿನಲ್ಲಿ ಮಾರ್ದನಿಸುವ ಹಾಗೆ ಬರೆಯಬಯಸುತ್ತಿದ್ದೆ (12.31.42). ಕೂದಲು ಉಗುರಿನ ಪ್ರಶ್ನೆಗೆ ತಡವರಿಸಿದ ಹುಡುಗ ಇಲ್ಲಿಗೆ ಬಂದು ನಿಂತಿದ್ದಾನೆ. ಅವನ ಧಾರಾಳಕ್ಕೆ ಮಿತಿಯೂ ಇದೆ: ಅರ್ಥ ಸತ್ಯವಾಗಿರಬೇಕು, ಓದುಗ ಜಗಳಗಂಟನಾಗಿರಬಾರದು.

ಹದಿಮೂರನ್ನು ಓದುವಾಗ ಆದಿಕಾಂಡ 1:1ರಿಂದ 2:3ರವರೆಗೆ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮೀನು, ಹಕ್ಕಿ, ಸಮುದ್ರ, ಒಣನೆಲ ಎಲ್ಲಿಂದ ಉದುರುತ್ತಿವೆ ಎಂದೇ ತಿಳಿಯುವುದಿಲ್ಲ. ಸೃಷ್ಟಿಯ ಏಳು ದಿನಗಳನ್ನೂ ಅವನು ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಚಿತ್ರವಾಗಿ ಓದುತ್ತಾನೆ. ಆಕಾಶಮಂಡಲವೆಂದರೆ ದೇವರ ಪುಸ್ತಕ. ಇದು ಏಕಾಏಕಿ ಬಂದದ್ದಲ್ಲ: ನಮ್ಮ ಎಣಿಕೆಯ 104ನೇ ಕೀರ್ತನೆಯಲ್ಲಿ ಇಂದಿನ ಅನುವಾದಗಳು ಗುಡಾರ, ಪರದೆ ಎನ್ನುವ ಕಡೆ ಅವನ ಲ್ಯಾಟಿನ್ನಿನಲ್ಲಿ ‘ಚರ್ಮದ ಹಾಗೆ’ ಆಕಾಶ ಹರಡಿದೆ ಎಂದಿತ್ತು. ಅವನ ಕಾಲದ ಹೊತ್ತಗೆಗಳ ಹಾಳೆ ಚರ್ಮದ್ದು. ಪಾಪದ ನಂತರ ದೇವರು ಆದಾಮ ಹವ್ವರಿಗೆ ಉಡಿಸಿದ್ದೂ ಚರ್ಮ. ಸಾಯುವವರಿಗಾಗಿ ಸಾಯುವ ಮನುಷ್ಯರ ಕೈಯಿಂದ ಬರೆಸಿದ ಪುಸ್ತಕ ತಲೆಯ ಮೇಲೆ ಚಾಚಿಕೊಂಡಿದೆ. ಅದರ ಮೇಲಿನ ನೀರು ದೇವದೂತರು, ಅವರಿಗೆ ಓದುವ ಕಷ್ಟವಿಲ್ಲ, ಅಕ್ಷರಗಳಿಲ್ಲದೆ ದೇವರ ಮುಖವನ್ನೇ ಓದುತ್ತಾರೆ, ಅವರ ಹೊತ್ತಗೆಯನ್ನು ಮುಚ್ಚುವುದಿಲ್ಲ, ಸುರುಳಿ ಸುತ್ತುವುದಿಲ್ಲ (13.15).

ಬರೆದವನ ಕಾಲದಲ್ಲೇ ಈ ಪುಸ್ತಕಕ್ಕೆ ಓದುಗರಿದ್ದರು, ಕೋಪ ಮಾಡಿಕೊಂಡವರೂ ಇದ್ದರು. ‘ನೀನು ಆಜ್ಞಾಪಿಸುವುದನ್ನು ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು’ ಎಂಬ ಹತ್ತನೇ ಪುಸ್ತಕದ ಸಾಲನ್ನು ರೋಮಿನಲ್ಲಿ ಒಬ್ಬ ಬಿಷಪ್ ಉದ್ಧರಿಸಿದಾಗ ಪೆಲಾಗಿಯುಸ್ ಎಂಬ ಧರ್ಮಬೋಧಕ ತಡೆಯಲಾರದೆ ಜಗಳಕ್ಕೇ ನಿಂತನೆಂದು ಅಗಸ್ಟೀನನೇ ಬರೆದಿದ್ದಾನೆ. ಮನುಷ್ಯನ ಪ್ರಯತ್ನಕ್ಕೆ ಬೆಲೆಯೇ ಇಲ್ಲವೇ ಎಂಬ ಆ ಜಗಳ ಮುಂದೆ ಇಪ್ಪತ್ತು ವರ್ಷ ಅವನ ಬರವಣಿಗೆಯನ್ನು ತಿಂದಿತು.

427ರ ಹೊತ್ತಿಗೆ, ಸಾಯುವುದಕ್ಕೆ ಮೂರು ವರ್ಷ ಮೊದಲು, ಅಗಸ್ಟೀನ್ ತನ್ನ ಕೃತಿಗಳನ್ನೆಲ್ಲ ಒಂದೊಂದಾಗಿ ತೆಗೆದು ಮತ್ತೆ ಓದಿ ತಿದ್ದುಪಡಿಗಳನ್ನು ಬರೆದಿಟ್ಟ. ‘ಕನ್ಫೆಶನ್ಸ್’ ಬರೆಯುವಾಗ ತನ್ನನ್ನು ಕಲಕಿದಂತೆಯೇ ಈಗಲೂ ಕಲಕುತ್ತದೆ ಎನ್ನುತ್ತಾನೆ. ಹತ್ತು ಪುಸ್ತಕ ತನ್ನ ಬಗ್ಗೆ, ಮೂರು ಪವಿತ್ರಗ್ರಂಥದ ಬಗ್ಗೆ ಎಂದು ಲೆಕ್ಕ ಕೊಡುತ್ತಾನೆ. ತಪ್ಪು ಹಿಡಿಯುವುದು ಎರಡು ಕಡೆ. ನಾಲ್ಕನೇ ಪುಸ್ತಕದಲ್ಲಿ ಗೆಳೆಯ ಸತ್ತಾಗ, ನಾನೂ ಸತ್ತರೆ ಅವನು ಪೂರ್ತಿ ಸತ್ತಂತಾಗುತ್ತದೆಂದು ಬಹುಶಃ ಸಾಯಲು ಹೆದರಿದೆನೇನೋ ಎಂದು ಬರೆದದ್ದು ಗಂಭೀರ ನಿವೇದನೆಯಲ್ಲ, ಬರೀ ಭಾಷಣದ ಮಾತು. ‘ಬಹುಶಃ’ ಎಂದದ್ದರಿಂದ ಒಂದಿಷ್ಟು ಉಳಿಯಿತು. ಹದಿಮೂರನೆಯದರಲ್ಲಿ ಆಕಾಶಮಂಡಲ ಮೇಲಿನ ಆತ್ಮಿಕ ನೀರಿಗೂ ಕೆಳಗಿನ ಭೌತಿಕ ನೀರಿಗೂ ನಡುವೆ ಇದೆ ಎಂದದ್ದು ಸಾಕಷ್ಟು ಯೋಚಿಸದೆ ಆಡಿದ ಮಾತು. ಸರಿಯಾದ ಅರ್ಥ ಯಾವುದು ಎಂದು ಮಾತ್ರ ಅಲ್ಲೂ ಹೇಳುವುದಿಲ್ಲ. ವಿಷಯ ಬಹಳ ಆಳದಲ್ಲಿ ಅಡಗಿದೆ ಎಂದಷ್ಟೇ ಬರೆದು ಮುಂದಿನ ಕೃತಿಗೆ ಹೋಗುತ್ತಾನೆ.